ಅಲಿಯಬ್ಬನ ಎಡಗೈ

ಹಂಪನಕಟ್ಟೆಯಲ್ಲಿ ಕೊಡೆ ರಿಪೇರಿಗೆ ಅಲಿಯಬ್ಬ ಬ್ಯಾರಿಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಹೇಳುವವರು ಬಹಳ ಮಂದಿ ಇದ್ದರು. ಅವನ ಅಂಗಡಿಯ ಮುಂದೆ ನಿಲ್ಲುವುದಕ್ಕಿಂತ ಮಳೆಯಲ್ಲಿ ನೆನೆಯುವುದೇ ಮೇಲು ಎನ್ನುವವರೂ ಅಷ್ಟೇ ಮಂದಿ ಇದ್ದರು. ಮನುಷ್ಯ ನಿಯತ್ತಿನವನು, ಆದರೆ ರೀತಿ ರಿವಾಜಿನ ಹುಚ್ಚು ತುಸು ಜಾಸ್ತಿ. ಯಾರಾದರೂ ಮುರಿದ ಕೊಡೆಯನ್ನು ಎಡಗೈಯಲ್ಲಿ ಚಾಚಿದರೆ ಅವನು ಅದನ್ನು ಮುಟ್ಟುತ್ತಿರಲಿಲ್ಲ. ಯಾಕೆಂದು ಬಾಯಿ ಬಿಟ್ಟು ಹೇಳುತ್ತಲೂ ಇರಲಿಲ್ಲ. ಕೊಡೆಯನ್ನೊಮ್ಮೆ, ಗಿರಾಕಿಯ ಮುಖವನ್ನೊಮ್ಮೆ ನೋಡಿ ಸುಮ್ಮನೆ ಕೂರುತ್ತಿದ್ದ. ಒಮ್ಮೆ ಕೋರ್ಟಿನ ದೊಡ್ಡ ವಕೀಲರೊಬ್ಬರು ಹೀಗೆ ಐದು ನಿಮಿಷ ನಿಂತು, ಕೊನೆಗೆ ಗೊಣಗಿಕೊಂಡು ಕೈ ಬದಲಾಯಿಸಿದ್ದರಂತೆ.

ಇಂಥ ಗಂಡನ ಜೊತೆ ಹವ್ವಮ್ಮ ಇಪ್ಪತ್ತಾರು ವರ್ಷ ಪಡೀಲಿನ ಮನೆಯಲ್ಲಿ ಸಂಸಾರ ಮಾಡಿದ್ದಳು. ಅವನ ಹೊಟ್ಟೆಯಲ್ಲಿ ಏನೋ ಕುಣಿಯುತ್ತಿದೆ ಎಂದು ಮೊದಲು ಕಂಡದ್ದೂ ಅವಳಿಗೇ. ಇಸವಿ ಅರುವತ್ತನಾಲ್ಕರ ಮಳೆಗಾಲ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನ ಉಂಡು ಚಾಪೆಯ ಮೇಲೆ ಅಂಗಾತ ಮಲಗಿದ್ದ ಗಂಡನ ಬನಿಯನ್ ಹೊಕ್ಕುಳಿನ ಹತ್ತಿರ ಎದ್ದೆದ್ದು ಬೀಳುತ್ತಿತ್ತು. ಅಲಿಯಬ್ಬ ಗ್ಯಾಸು ಎಂದ. ಎರಡು ತಿಂಗಳು ಓಮದ ನೀರು ಕುಡಿದ. ಬೆನ್ನು ನೋವು ಶುರುವಾದ ಮೇಲೆ ತಮ್ಮ ಹಸೈನಾರ್ ಅವನನ್ನು ಬಲವಂತವಾಗಿ ಬಿಜೈಯ ಆಸ್ಪತ್ರೆಗೆ ಎಳೆದುಕೊಂಡು ಹೋದ.

ಅಲ್ಲಿ ವಿಲಾಯತಿಯಲ್ಲಿ ಕಲಿತು ಬಂದ ಸೈಮನ್ ಡಾಕ್ಟರು ಇದ್ದರು. ಅವರ ಮೇಜಿನ ಮುಂದೆ ಎರಡು ಕುರ್ಚಿ. ಅಣ್ಣ ತಮ್ಮ ಇಬ್ಬರೂ ಕೂತರು. ಹವ್ವಮ್ಮ ಚಾದರ ಹೊದ್ದು ಬಾಗಿಲ ಹತ್ತಿರ ನಿಂತಳು. ಆಸ್ಪತ್ರೆಯಲ್ಲಿ ಗಂಡಸರು ಮಾತಾಡುವುದು, ಹೆಂಗಸರು ನಿಲ್ಲುವುದು, ಇದು ಅವರಲ್ಲಿ ನಡೆದು ಬಂದ ಕ್ರಮ. ಪಕ್ಕದ ಸಣ್ಣ ಮೇಜಿನಲ್ಲಿ ಸಿಸ್ಟರ್ ಗೆರ್ಟ್ರೂಡ್ ಎಂಬ ನರ್ಸು ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು.

"ನೋಡಿ ಬ್ಯಾರಿಗಳೇ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಂಟಲ್ಲ, ಅದು ಹೊಟ್ಟೆಯಲ್ಲಿ ಒಂದು ಕಡೆ ಉಬ್ಬಿದೆ. ಹಳೇ ಸೈಕಲಿನ ಟ್ಯೂಬು ಉಬ್ಬುವ ಹಾಗೆ. ಬಿಟ್ಟರೆ ಒಂದು ದಿನ ಒಡೀತದೆ. ಒಡೆದರೆ ಇಲ್ಲಿಗೆ ತರ್ಲಿಕ್ಕೂ ಸಮಯ ಸಿಗುವುದಿಲ್ಲ. ಉಬ್ಬಿದ್ದನ್ನು ತೆಗೆದು ಅಲ್ಲಿ ಬಟ್ಟೆಯ ಕೊಳವೆ ಹೊಲಿಯಬೇಕು," ಎಂದರು ಡಾಕ್ಟರು.

ಜೀವಕ್ಕೆ ಸಂಚಕಾರ ಎಂಬ ಮಾತು ಅಲಿಯಬ್ಬನ ಕಿವಿಗೆ ಹೋಯಿತೋ ಇಲ್ಲವೋ, ಬಟ್ಟೆ ಎಂಬ ಮಾತು ಮಾತ್ರ ನೆಟ್ಟಗೆ ಹೋಯಿತು.

"ಎಂತ ಬಟ್ಟೆ?"

"ಟೆರಿಲಿನ್ ಜಾತಿಯದ್ದು. ವಿಲಾಯತಿಯಿಂದ ತಂದದ್ದು ನನ್ನ ಹತ್ತಿರ ಉಂಟು."

"ಹೊಲಿಗೆ ಒಂದು ಸುತ್ತಾ ಎರಡು ಸುತ್ತಾ? ಒಂದೇ ಸುತ್ತಾದರೆ ಸೋರ್ತದೆ ಡಾಕ್ಟ್ರೇ."

ಡಾಕ್ಟರು ನಕ್ಕುಬಿಟ್ಟರು. ಆಮೇಲೆ ಮುಖ ಗಂಭೀರ ಮಾಡಿಕೊಂಡರು. "ಸೋರದ ಹಾಗೆ ಹೊಲೀತೇನೆ. ನನಗೆ ಹೊಲಿಗೆಯ ಹೆದರಿಕೆ ಅಲ್ಲ. ಹೊಲಿಯುವಷ್ಟು ಹೊತ್ತು ನಾಳಕ್ಕೆ ಇಕ್ಕಳ ಹಾಕಿ ಹಿಡೀಬೇಕು. ಆಗ ಮೇಲೆ ಪ್ರೆಶರ್ ಏರ್ತದೆ, ಬಿಟ್ಟ ಕೂಡಲೇ ಇಳೀತದೆ. ಈ ಏರಿಳಿತ ಕೆಲವರ ತಲೆಗೆ ತಡೆಯುವುದಿಲ್ಲ. ಹೊಟ್ಟೆ ಸರಿಯಾಗ್ತದೆ, ಆದರೆ ಎಚ್ಚರ ಆಗುವಾಗ ಕೈ ಬಿದ್ದಿರ್ತದೆ, ಇಲ್ಲದಿದ್ದರೆ ಮಾತು ನಿಂತಿರ್ತದೆ. ಕಾಲಿನ ಬಲ ಹೋಗುವುದೂ ಉಂಟು. ಎಲ್ಲರಿಗೂ ಅಲ್ಲ. ಪ್ರಾಯ ಆದವರಿಗೆ, ಪ್ರೆಶರ್ ಇದ್ದವರಿಗೆ, ಬೀಡಿ ಎಳೆಯುವವರಿಗೆ ಅಪಾಯ ಹೆಚ್ಚು. ಅದಕ್ಕೇ ಕೇಳ್ತಾ ಇದ್ದೇನೆ. ನಿಮಗೆ ಬೀಡಿ ಎಷ್ಟು?"

"ದಿನಕ್ಕೆ ನಾಲ್ಕು."

"ಮುಖ್ಯ ಇನ್ನೊಂದು. ಮೊದಲೇ ಒಮ್ಮೆ ಕೈಯೋ ಕಾಲೋ ಸ್ವಾಧೀನ ತಪ್ಪಿದವರಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ. ಐದು ನಿಮಿಷದಲ್ಲಿ ಸರಿಯಾಗಿದ್ದರೂ ಲೆಕ್ಕಕ್ಕೆ ಉಂಟು. ನಿಮಗೆ ಯಾವಾಗಾದರೂ ಹಾಗೆ ಆಗಿತ್ತಾ?"

"ಇಲ್ಲ," ಎಂದ ಅಲಿಯಬ್ಬ. ಧ್ವನಿಯಲ್ಲಿ ಒಂಚೂರೂ ಅಳುಕಿರಲಿಲ್ಲ.

ಬಾಗಿಲ ಹತ್ತಿರ ಹವ್ವಮ್ಮ ನೆಲ ನೋಡಿದಳು. ಬರೆಯುತ್ತಿದ್ದ ಗೆರ್ಟ್ರೂಡ್ ತಲೆಯೆತ್ತಿ ಅವಳನ್ನು ಒಂದು ಗಳಿಗೆ ನೋಡಿ ಮತ್ತೆ ಬರೆಯತೊಡಗಿದಳು.

ಅವನು ಹೇಳಿದ್ದು ಸುಳ್ಳು. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಅಂಗಡಿಯ ಕೆಲಸ ಮನೆಗೂ ಬರುತ್ತಿತ್ತು. ಅಲಿಯಬ್ಬ ಜಗಲಿಯಲ್ಲಿ ಕೂತು ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಕೊಡೆಯನ್ನು ಕೆಳಗೆ ಬಿಟ್ಟ. ಎತ್ತಲು ಹೋದರೆ ಎಡಗೈ ಬರಲೇ ಇಲ್ಲ, ಬೇರೆ ಯಾರದೋ ಕೈಯ ಹಾಗೆ ಮಡಿಲಲ್ಲಿ ಬಿದ್ದುಕೊಂಡಿತ್ತು. ಬಾಯಿಯೂ ಒಂದು ಕಡೆಗೆ ವಾಲಿತ್ತು. ಹವ್ವಮ್ಮ ಆ ಕೈಯನ್ನು ಹಿಡಿದುಕೊಂಡು ಬಾಯಿಗೆ ಬಂದ ದುಆಗಳನ್ನೆಲ್ಲ ಓದಿದಳು. ಕಾಲು ಗಂಟೆಯಲ್ಲಿ ಕೈ ತಾನಾಗಿ ಎದ್ದಿತು.

"ಯಾರಿಗೂ ಹೇಳಬೇಡ. ಹೇಳುವುದಿಲ್ಲ ಅಂತ ಮಾತು ಕೊಡು," ಎಂದಿದ್ದ ಅವನು ಅಂದು. "ಕೈ ಬಿದ್ದ ಬ್ಯಾರಿಯ ಹತ್ತಿರ ಯಾರು ಕೊಡೆ ತರ್ತಾರೆ? ನನ್ನ ಕೈಯೇ ನನ್ನ ಅಂಗಡಿ."

ಅವಳು ಮಾತು ಕೊಟ್ಟಿದ್ದಳು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಮೆಲ್ಲಗೆ ವಿಷಯ ಎತ್ತಿದಳು. "ಲೈಲಾಳ ಬಾಪಾ, ಆ ಕೈಯ ಸಂಗತಿ ಡಾಕ್ಟರಿಗೆ ಹೇಳಬೇಕಿತ್ತು." ಮಗಳ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುವುದು.

"ಹೇಳಿದರೆ ಅವರು ಆಪರೇಶನ್ನೇ ಬೇಡ ಅಂತಾರೆ. ಸುಮ್ಮನಿರು."

ಸುಮ್ಮನಿರುವುದು ಹೇಳಿದಷ್ಟು ಸುಲಭವೇ? ಹೇಳಿದರೆ ಡಾಕ್ಟರು ಕೈಬಿಟ್ಟಾರು, ಹೊಟ್ಟೆಯೊಳಗಿನದು ಒಡೆದೀತು. ಹೇಳದಿದ್ದರೆ ಎದ್ದು ಕೂರುವ ಗಂಡನಿಗೆ ಕೈಯಿಲ್ಲ, ಮಾತಿಲ್ಲ. ಹವ್ವಮ್ಮನಿಗೆ ಅನ್ನ ಸೇರಲಿಲ್ಲ. ಡಾಕ್ಟರು ಆಪರೇಶನ್ನಿಗೆ ಕೊಟ್ಟದ್ದು ಗುರುವಾರ. ಅದಕ್ಕೆ ಇನ್ನು ಮೂರೇ ದಿನ ಉಳಿದಿದ್ದವು.

ಮರುದಿನ ಗಂಡ ಅಂಗಡಿಗೆ ಹೋದ ಮೇಲೆ ಅವಳು, ಅಣ್ಣನ ಮನೆಗೆ ಹೋಗಿ ಬರ್ತೇನೆ ಎಂದು ಲೈಲಾಳಿಗೆ ಹೇಳಿ ಚಾದರ ಹೊದ್ದು ಹೊರಟಳು. ಹುಟ್ಟಿ ನಲುವತ್ತೈದು ವರ್ಷಕ್ಕೆ ಒಬ್ಬಳೇ ಬಸ್ಸು ಹತ್ತಿದ್ದು ಅಂದೇ. ಹಂಪನಕಟ್ಟೆಯಲ್ಲಿ ಇಳಿದು ಬಸ್ಸು ಬದಲಾಯಿಸಬೇಕು, ಅಲ್ಲೇ ಎದುರಿಗೆ ಗಂಡನ ಅಂಗಡಿ. ಮುಖವನ್ನು ಪೂರ್ತಿ ಮುಚ್ಚಿ, ಒಬ್ಬ ದಪ್ಪ ಹೆಂಗಸಿನ ಮರೆಯಲ್ಲಿ ನಿಂತು, ಕಳ್ಳರ ಹಾಗೆ ಬಿಜೈಯ ಬಸ್ಸು ಹಿಡಿದಳು.

ಗೆರ್ಟ್ರೂಡ್ ಅವಳನ್ನು ವರಾಂಡದಲ್ಲೇ ಕಂಡಳು. ಇಬ್ಬರಿಗೂ ಬರುವ ತುಳುವಿನಲ್ಲಿ ಮಾತಾಯಿತು.

"ನೀವು ಬರ್ತೀರಿ ಅಂತ ನನಗೆ ಗೊತ್ತಿತ್ತು. ನಿನ್ನೆ ಡಾಕ್ಟರ್ ಕೇಳುವಾಗ ನೀವು ನೆಲ ನೋಡಿದ್ರಿ," ಎಂದಳು ಗೆರ್ಟ್ರೂಡ್.

ಹವ್ವಮ್ಮ ಎಲ್ಲ ಹೇಳಿದಳು. ಹೇಳಿ ಮುಗಿಸಿ, "ಇನ್ನು ಆಪರೇಶನ್ ಇಲ್ಲವಾ ಸಿಸ್ಟರ್?" ಎಂದು ಕೇಳಿದಳು.

ಗೆರ್ಟ್ರೂಡ್ ಡಾಕ್ಟರ ಕೋಣೆಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದಳು. "ಉಂಟು. ಆದರೆ ಈ ಗುರುವಾರ ಅಲ್ಲ, ಇನ್ನು ಮೂರು ವಾರ ಬಿಟ್ಟು. ಅಷ್ಟರೊಳಗೆ ಪ್ರೆಶರ್ ಇಳಿಸಬೇಕು. ದಿನಾ ಸರ್ಪಗಂಧಿಯ ಮಾತ್ರೆ. ಬೀಡಿ ಬಂದ್. ಒಣಮೀನು, ಉಪ್ಪಿನಕಾಯಿ ಮನೆಯೊಳಗೆ ಕಾಣಬಾರದು."

ಸಂಜೆ ಡಾಕ್ಟರು ಅಲಿಯಬ್ಬನನ್ನು ಕರೆಸಿ, "ಮೇ ತಿಂಗಳಲ್ಲಿ ನಿಮ್ಮ ಎಡಗೈಗೆ ಎಂತ ಆಗಿತ್ತು?" ಎಂದು ನೇರವಾಗಿ ಕೇಳಿದರು. ಅದನ್ನು ನೋಡಿದ್ದ ಜೀವ ಜಗತ್ತಿನಲ್ಲಿ ಒಂದೇ. ಅಲಿಯಬ್ಬ ಮನೆಗೆ ಬಂದು ಟೊಪ್ಪಿ ತೆಗೆದಿಟ್ಟು, "ನಿನ್ನನ್ನು ನಂಬಿದ್ದೆ," ಎಂದ. ಅಷ್ಟೇ. ಮತ್ತೆ ಹೆಂಡತಿಯ ಜೊತೆ ಒಂದಕ್ಷರ ಮಾತಾಡಲಿಲ್ಲ.

ಮೂರು ವಾರ! ಹವ್ವಮ್ಮ ಎರಡು ಮಾರು ದೂರದಲ್ಲಿ ನಿಂತಿದ್ದರೂ, "ಲೈಲಾ, ಗಂಜಿಗೆ ಉಪ್ಪು ಹಾಕಿಲ್ಲ ಅಂತ ನಿನ್ನ ಉಮ್ಮನಿಗೆ ಹೇಳು," ಎನ್ನುವನು. ಲೈಲಾ ಮನೆಯಲ್ಲಿ ಇಲ್ಲದಿದ್ದರೆ ಬೆಕ್ಕಿಗೆ ಹೇಳುವನು. ಬೆಕ್ಕು ಅವನ ಮುಖ ನೋಡಿ, ಹವ್ವಮ್ಮನ ಮುಖ ನೋಡಿ ಎದ್ದು ಹೋಗುವುದು. ಅವಳಿಗೆ ಒಂದೊಂದು ಸಲ ನಗು ಬರುತ್ತಿತ್ತು. ಬಚ್ಚಲಿಗೆ ಹೋಗಿ ಅತ್ತು ಬರುವುದೂ ಇತ್ತು. ಮಾತ್ರೆಯನ್ನು ಮಾತ್ರ ತಪ್ಪಿಸಲು ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ನೀರಿನ ಲೋಟದ ಪಕ್ಕ ತಂದಿಟ್ಟು, ಅವನು ನುಂಗುವವರೆಗೆ ಕದಲದೆ ನಿಲ್ಲುವಳು.

ಆಪರೇಶನ್ನಿನ ಬೆಳಿಗ್ಗೆ ಅವನನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಕರೆದೊಯ್ಯುವಾಗ ಹವ್ವಮ್ಮ ಪಕ್ಕದಲ್ಲೇ ಓಡುನಡಿಗೆಯಲ್ಲಿ ಹೋದಳು. "ಹೆದರಬೇಡಿ, ಅಲ್ಲಾಹು ಇದ್ದಾನೆ," ಎಂದಳು. ಅಲಿಯಬ್ಬ ಮೇಲೆ ಮಾಡಿನ ಕಡೆ ನೋಡಿದ. ಬಾಗಿಲು ಮುಚ್ಚಿತು.

ವರಾಂಡದ ಬೆಂಚಿನಲ್ಲಿ ಹಸೈನಾರನ ಪಕ್ಕ ಕೂತ ನಾಲ್ಕು ಗಂಟೆ ಅವಳ ಎದೆಯನ್ನು ಕೊರೆದದ್ದು ಒಂದೇ ಯೋಚನೆ. ಒಳಗೆ ಮಾತು ನಿಂತೇ ಹೋದರೆ ಅವನು ತನಗೆ ಹೇಳಿದ ಕೊನೆಯ ಮಾತು 'ನಿನ್ನನ್ನು ನಂಬಿದ್ದೆ' ಎಂಬುದೇ ಆಗಿ ಉಳಿಯುತ್ತದಲ್ಲ!

ಮಧ್ಯಾಹ್ನ ಡಾಕ್ಟರು ಬೆವರು ಒರೆಸಿಕೊಂಡು ಬಂದರು. "ಇಕ್ಕಳ ಹಾಕಿದ್ದು ಮೂವತ್ತೆಂಟು ನಿಮಿಷ. ಸಿಸ್ಟರ್ ಗಡಿಯಾರ ನೋಡಿ ಕೂಗ್ತಾ ಇದ್ದರು. ಪ್ರೆಶರ್ ಕೈಮೀರಿ ಇಳೀಲಿಕ್ಕೆ ನಾವು ಬಿಡ್ಲಿಲ್ಲ. ಇನ್ನು ಎಚ್ಚರ ಆಗಬೇಕು."

ಸಂಜೆ ಎಚ್ಚರವಾಯಿತು. ಕಾಲಿನ ಬೆರಳು ಆಡಿಸಿದರು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಸುಕಿದರು ಎಂದು ಡಾಕ್ಟರು ಹೇಳಿ ಕಳಿಸಿದರು. ಆದರೂ ಎರಡು ಮೂರು ದಿನ ಕಣ್ಣಿಟ್ಟಿರಬೇಕು, ಹೊಡೆತ ತಡವಾಗಿ ಬರುವುದೂ ಉಂಟು ಎಂದರು. ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಹವ್ವಮ್ಮ ಅರ್ಧ ಉಸಿರು ಬಿಟ್ಟು, ಅರ್ಧ ಹಾಗೇ ಹಿಡಿದುಕೊಂಡು ಕೂತಳು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೆರ್ಟ್ರೂಡ್ ಬೇಗಬೇಗನೆ ಹೊರಗೆ ಬಂದಳು. ಅವಳ ಮುಖ ನೋಡಿಯೇ ಹವ್ವಮ್ಮ ಬೆಂಚಿನಿಂದ ಎದ್ದಳು.

"ಹವ್ವಮ್ಮ, ಮೇ ತಿಂಗಳಲ್ಲಿ ಬಿದ್ದದ್ದು ಯಾವ ಕೈ?"

"ಎಡಗೈ. ಎಂತಕ್ಕೆ ಸಿಸ್ಟರ್?"

ಗೆರ್ಟ್ರೂಡ್ ತುಟಿ ಕಚ್ಚಿದಳು. "ಬಲಗೈಯನ್ನು ಗ್ಲುಕೋಸಿಗೆ ಅಂತ ಹಲಗೆಗೆ ಕಟ್ಟಿದ್ದೇವೆ. ಎಡಗೈ ನಿನ್ನೆ ಸರಿ ಇತ್ತು. ಈಗ ನಾಲ್ಕು ಸಲ ಹೇಳಿದೆ, ಎತ್ತುವುದಿಲ್ಲ. ನನ್ನ ಕೈ ಹಿಸುಕಿ ಅಂದರೆ ಹಿಸುಕುವುದಿಲ್ಲ. ಮಾತೂ ಇಲ್ಲ, ಕಣ್ಣು ಮುಚ್ಚಿಕೊಂಡು ಬಿಡ್ತಾರೆ. ಡಾಕ್ಟರ್ ಇನ್ನೊಂದು ಆಪರೇಶನ್ನಿನಲ್ಲಿ ಇದ್ದಾರೆ, ಹೇಳಿ ಕಳಿಸಿದ್ದೇನೆ."

ಅಂದರೆ ಬಂದೇಬಿಟ್ಟಿತು. ಹವ್ವಮ್ಮನ ಕಣ್ಣಿಗೆ ಜಗಲಿಯಲ್ಲಿ ಬಿದ್ದ ಕೊಡೆ ಕಂಡಿತು. ಮಾತು ಮುರಿದು, ಬಸ್ಸು ಹತ್ತಿ, ಮೂರು ವಾರ ಮಾತ್ರೆ ನುಂಗಿಸಿ ಏನು ಬಂತು? ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ಸಿಟ್ಟು.

"ನನ್ನನ್ನು ಒಳಗೆ ಬಿಡಿ."

"ರೂಲ್ಸ್ ಇಲ್ಲ ಅಮ್ಮ."

"ರೂಲ್ಸ್ ಪ್ರಕಾರ ನನಗೆ ಒಬ್ಬಳೇ ಬಸ್ಸಲ್ಲಿ ಬರ್ಲಿಕ್ಕೂ ಇರ್ಲಿಲ್ಲ ಸಿಸ್ಟರ್."

ಗೆರ್ಟ್ರೂಡ್ ಅವಳಿಗೊಂದು ಬಿಳಿ ಅಂಗಿ ತೊಡಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಕರೆದುಕೊಂಡು ಹೋದಳು.

ಅಲಿಯಬ್ಬ ಕಣ್ಣು ಮುಚ್ಚಿ ಮಲಗಿದ್ದ. ಮೂಗಿನಲ್ಲಿ ರಬ್ಬರಿನ ನಳಿಗೆ, ಒಂದೇ ದಿನದಲ್ಲಿ ಇಳಿದ ಕೆನ್ನೆ. ಬಲಗೈ ಹಲಗೆಯ ಮೇಲೆ ಬಿಗಿದಿತ್ತು. ಎಡಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ನೋಡಿ, ಪುನಃ ಕೇಳ್ತೇನೆ," ಎಂದು ಗೆರ್ಟ್ರೂಡ್ ಕೂಜೆಯಿಂದ ಸಣ್ಣ ಗ್ಲಾಸಿಗೆ ಒಂದು ಗುಟುಕು ನೀರು ಬಗ್ಗಿಸಿದಳು. ಅದನ್ನು ಅವನ ಎಡಗೈಯ ಹತ್ತಿರ ಹಿಡಿದಳು. "ಬ್ಯಾರಿಗಳೇ, ಎಡಗೈಯಲ್ಲಿ ಈ ಗ್ಲಾಸು ಹಿಡ್ಕೊಳ್ಳಿ. ಒಂದು ಗುಟುಕು ಕುಡೀರಿ."

ಅಲಿಯಬ್ಬ ಕಣ್ಣು ತೆರೆದ. ಗ್ಲಾಸನ್ನೊಮ್ಮೆ ನೋಡಿದ. ಗೆರ್ಟ್ರೂಡಳ ಮುಖವನ್ನೊಮ್ಮೆ ನೋಡಿದ. ಅಷ್ಟು ಮಾಡಿ ಸುಮ್ಮನಾದ.

ಆ ನೋಟವನ್ನು ಹವ್ವಮ್ಮ ಬಲ್ಲಳು. ವಕೀಲರನ್ನು ಐದು ನಿಮಿಷ ನಿಲ್ಲಿಸಿದ ನೋಟ ಅದು.

"ಸಿಸ್ಟರ್," ಎಂದಳು. ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ನಾಲ್ಕು ಸಲ ಕೇಳಿದ್ದೂ ಹೀಗೆಯಾ? ಎಡಗೈಯಲ್ಲಿ ನೀರು ಕುಡೀಲಿಕ್ಕೆ?"

"ಹೌದು. ಬಲಗೈ ಕಟ್ಟಿದೆಯಲ್ಲ. ಎಷ್ಟೋ ಬ್ಯಾರಿಗಳು ಇಲ್ಲಿ ಎಡಗೈಯಲ್ಲೇ ಕುಡಿದಿದ್ದಾರೆ. ಕಾಯಿಲೆಯಲ್ಲಿ ಅಡ್ಡಿಯಿಲ್ಲ ಅಂತ ಮಸೀದಿಯ ಮುಸ್ಲಿಯಾರರೇ ಹೇಳಿದ್ದಾರಂತೆ."

"ಎಷ್ಟೋ ಬ್ಯಾರಿಗಳು ಕುಡೀತಾರೆ. ಕುಡಿಯುವ ಬ್ಯಾರಿ ಇವರಲ್ಲ. ಮತ್ತೆ ಹಿಸುಕಿ ಅಂತ ಕೊಟ್ಟದ್ದು ನಿಮ್ಮ ಕೈಯಾ? ಪರ ಹೆಂಗಸಿನ ಕೈಯಾ?"

ಗೆರ್ಟ್ರೂಡ್ ಗ್ಲಾಸನ್ನು ಹಿಂದಕ್ಕೆ ಎಳೆದುಕೊಂಡಳು.

ಆದರೂ ಇದೆಲ್ಲ ಹವ್ವಮ್ಮನ ಅಂದಾಜು ಮಾತ್ರ. ಅವಳು ಮಂಚದ ಹತ್ತಿರ ಹೋಗಿ ತನ್ನ ಕೈಯನ್ನು ಅವನ ಎಡ ಅಂಗೈಯಲ್ಲಿ ಇಟ್ಟಳು. ಕೈ ಬೆಚ್ಚಗಿತ್ತು, ಆದರೆ ಅಲ್ಲಾಡಲಿಲ್ಲ. ಇದು ರೋಗವೋ, ಮೂರು ವಾರದ ಸಿಟ್ಟೋ? ಸಿಟ್ಟಾಗಿರಲಿ ದೇವರೇ, ಜನ್ಮಪೂರ್ತಿ ಸಿಟ್ಟೇ ಇರಲಿ ಎಂದು ಬೇಡಿಕೊಂಡಳು.

"ಲೈಲಾಳ ಬಾಪಾ," ಎಂದಳು ಬಗ್ಗಿ. "ಸಿಟ್ಟು ಮಾಡುವುದಿದ್ದರೆ ಮನೆಗೆ ಬಂದು ಮಾಡಿ, ಬೆಕ್ಕಿನ ಹತ್ತಿರವೇ ಮಾತಾಡಿ. ಈಗ ಒಮ್ಮೆ ಕೈ ಹಿಡೀರಿ."

ಬೆರಳುಗಳು ಮಡಚಿದವು. ಒಂದೊಂದಾಗಿ ಅಲ್ಲ, ಐದೂ ಒಟ್ಟಿಗೆ. ಕಬ್ಬಿಣದ ಕಡ್ಡಿ ಬಗ್ಗಿಸುವ ಕೈ ಅದು, ಹವ್ವಮ್ಮನಿಗೆ ನೋವೇ ಆಯಿತು. ಆ ನೋವಿನಷ್ಟು ಸುಖವನ್ನು ಅವಳು ಬದುಕಿನಲ್ಲಿ ಉಂಡಿರಲಿಲ್ಲ.

"ಹವ್ವಾ," ಎಂದ ಅಲಿಯಬ್ಬ. ನಳಿಗೆಯಿಂದಾಗಿ ಧ್ವನಿ ಗೊಗ್ಗರಾಗಿತ್ತು, ಆದರೆ ಮಾತು ಒಂದೂ ತೊದಲಲಿಲ್ಲ. "ಬೆಳಿಗ್ಗೆಯಿಂದ ಬಾಯಾರಿ ಸಾಯ್ತಾ ಇದ್ದೇನೆ. ಈ ಸಿಸ್ಟರ್ ಬಾಯಮ್ಮ ನೀರನ್ನು ಎಡಗೈಗೇ ಕೊಡ್ತಾರೆ ಮಾರಾಯ್ತಿ."

ಲೈಲಾ ಇಲ್ಲ, ಬೆಕ್ಕಿಲ್ಲ, ನೇರ ಅವಳಿಗೇ ಹೇಳಿದ ಮಾತು! ಹವ್ವಮ್ಮ ನಕ್ಕಳು, ನಗುತ್ತಲೇ ಅತ್ತಳು, ಬಾಯಿಗೆ ಕಟ್ಟಿದ ಬಟ್ಟೆಯೆಲ್ಲ ಒದ್ದೆಯಾಯಿತು. ಗೆರ್ಟ್ರೂಡ್ ಹಣೆ ಎದೆ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು ಗೋಡೆಗೆ ಒರಗಿದಳು. ಅವಳ ಕೈಯಿಂದ ಗ್ಲಾಸು ತೆಗೆದುಕೊಂಡು ಹವ್ವಮ್ಮ ತನ್ನ ಬಲಗೈಯಿಂದ ಗಂಡನ ತುಟಿಗೆ ಹಿಡಿದಳು. ಅವನು ಬಿಸ್ಮಿ ಹೇಳಿ ಕುಡಿದ. ಅವಳ ಎಡಗೈಯನ್ನು ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಸೈಮನ್ ಡಾಕ್ಟರು ಆಪರೇಶನ್ನಿನ ಟೊಪ್ಪಿಯಲ್ಲೇ ಓಡಿ ಬಂದರು. ಕೈ ಎತ್ತಿಸಿದರು, ಹಲ್ಲು ತೋರಿಸಲು ಹೇಳಿದರು, ಅಂಗಾಲು ಗೀರಿದರು. ಎಲ್ಲ ಸರಿ ಇತ್ತು. ಗೆರ್ಟ್ರೂಡ್ ನಡೆದದ್ದನ್ನು ಹೇಳಿದ ಮೇಲೆ ಅವರು ಸ್ಟೂಲಿನ ಮೇಲೆ ಕುಸಿದು ಕೂತರು.

"ನನ್ನ ಜೀವ ಹೋಗಿ ಬಂತು ಮಾರಾಯ್ರೆ. ಆಗುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಗಿರಾಕಿಗಳಿಗೂ ನಾನು ಹೇಳುವುದಿಲ್ಲ ಡಾಕ್ಟ್ರೇ. ಅವರಿಗೇ ಗೊತ್ತಾಗಬೇಕು," ಎಂದ ಅಲಿಯಬ್ಬ.

ಡಾಕ್ಟರು ತಲೆ ಅಲ್ಲಾಡಿಸಿದರು. "ಒಂದು ಮಾತು ಕೇಳಿ. ನಿಮ್ಮ ಹೆಂಡತಿ ಅವತ್ತು ಬರದಿದ್ದರೆ ನಾನು ಆ ಗುರುವಾರವೇ ಕತ್ತಿ ಹಿಡೀತಿದ್ದೆ. ನಿಮಗಿದ್ದ ಪ್ರೆಶರಿಗೆ, ಮೊದಲೇ ಒಂದು ಸಲ ಬಿದ್ದ ಕೈಗೆ, ಇವತ್ತು ಸಿಸ್ಟರ್ ಹೆದರಿದ್ದು ನಿಜವೇ ಆಗ್ತಿತ್ತೋ ಏನೋ."

ಅಲಿಯಬ್ಬ ಹೆಂಡತಿಯನ್ನು ನೋಡಿದ. ಆಮೇಲೆ ಮಾಡಿನ ಕಡೆ ನೋಡಿದ.

"ಒಂದು ಸಲ ಅಲ್ಲ," ಎಂದ. "ಮೂರು ಸಲ. ಇವಳು ನೋಡಿದ್ದು ಒಂದು. ಮತ್ತೆರಡು ಅಂಗಡಿಯಲ್ಲಿ ಆದದ್ದು."

"ಎಂತ?" ಎಂದು ಹವ್ವಮ್ಮ ಕೂಗಿದಳು. ಆಸ್ಪತ್ರೆ ಎಂಬುದೂ ನೆನಪಾಗಲಿಲ್ಲ. "ಮೂರು ಸಲವಾ? ನಿಮಗೆ ಮನುಷ್ಯತ್ವ ಉಂಟಾ?"

ಡಾಕ್ಟರು ಹಣೆ ಚಚ್ಚಿಕೊಂಡರು. "ಸಿಸ್ಟರ್, ಬರ್ಕೊಳ್ಳಿ. ಮೂರು ಸಲ. ಬ್ಯಾರಿಗಳೇ, ಇನ್ನು ಮಾತ್ರೆ ಜೀವ ಇರುವವರೆಗೆ. ಇನ್ನು ಎಂತೆಲ್ಲ ಉಂಟು, ಈಗಲೇ ಹೇಳಿಬಿಡಿ."

"ನನ್ನನ್ನು ಕೇಳಬೇಡಿ ಡಾಕ್ಟ್ರೇ, ನಾನು ಸುಳ್ಳು ಹೇಳ್ತೇನೆ," ಎಂದ ಅಲಿಯಬ್ಬ. ಹೊದಿಕೆಯ ಮೇಲೆ ಅವನ ಎಡಗೈ ಅವಳ ಕೈಯನ್ನು ಇನ್ನಷ್ಟು ಬಿಗಿ ಹಿಡಿಯಿತು. "ಇವಳನ್ನು ಕೇಳಿ."

ಸೈಮನ್ ಡಾಕ್ಟರು ಎದ್ದು ತಮ್ಮ ಸ್ಟೂಲನ್ನು ಹವ್ವಮ್ಮನ ಕಡೆಗೆ ತಳ್ಳಿದರು. ಅವಳು ಕೂತಳು. ಗೆರ್ಟ್ರೂಡ್ ಹೊಸ ಹಾಳೆ ತಿರುವಿದಳು.

"ಹೇಳಿ ಅಮ್ಮ," ಎಂದರು ಡಾಕ್ಟರು. "ಇವರು ದಿನಕ್ಕೆ ಎಷ್ಟು ಬೀಡಿ ಎಳೀತಿದ್ದರು?"

ಅಲಿಯಬ್ಬ ಮೆಲ್ಲಗೆ ಕಣ್ಣು ಮುಚ್ಚಿಕೊಂಡ.

"ಇಪ್ಪತ್ತೆರಡು," ಎಂದಳು ಹವ್ವಮ್ಮ.